ಜೋಡಿ ಮೀನು ಅಂಗಡಿಯಲ್ಲಿ ಸಿಗುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ರವಿವಾರದ ನಿಮ್ಮ ಪುರವಣಿಯಲ್ಲಿ ಲಗ್ನದ ಹಂಗಾಮಿಗೆಂದು ಉಡುಗೊರೆಗಳ ಒಂದು ಪುಟ ಬಂದಿತ್ತು. ಬೆಳ್ಳಿ ಸಮೆ, ಇಳಕಲ್ ಸೀರೆ, ಗೋಡೆ ಗಡಿಯಾರಗಳ ನಡುವೆ ಒಂದು ದುಂಡು ಗಾಜಿನ ಬಟ್ಟಲು, ಅದರಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ಈ ಮೀನು ಆಯುಷ್ಯಪೂರ್ತಿ ಒಂದೇ ಸಂಗಾತಿಯೊಡನೆ ಇರುತ್ತದೆ, ಗಂಡು ಹೆಣ್ಣು ನೋಡಿ ಒಂದೇ ಅಳತೆಯ ಜೋಡಿ ತಂದು ನವದಂಪತಿಗೆ ಕೊಡಿ ಎಂಬ ಅರ್ಥದ ನಾಲ್ಕು ಸಾಲು ಕೆಳಗೆ. ಬರೆದವರ ಮನಸ್ಸು ಒಳ್ಳೆಯದೇ ಇದ್ದೀತು. ಆದರೆ ಆ ನಾಲ್ಕು ಸಾಲು ನಂಬಿ ಮೀನು ತಂದರೆ ಎರಡರಲ್ಲಿ ಒಂದು ವಾರದೊಳಗೆ ಸಾಯುವ ಸಂಭವವಿದೆ, ಬಟ್ಟಲಿನಲ್ಲಿ ಇಟ್ಟರೆ ಎರಡೂ ಸಾಯುತ್ತವೆ. ಇದೇ ತಪ್ಪನ್ನು 2021ರಲ್ಲಿ ನಾನು ಮಾಡಿ ಒಂದು ಜೀವ ಕಳೆದಿದ್ದೇನೆ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ಆದರೂ ಸಾಧ್ಯವಿದ್ದರೆ ಪೂರ್ತಿ ಹಾಕಿ ಎಂದು ವಿನಂತಿ.

ನಾನು ಹುಬ್ಬಳ್ಳಿಯವನು. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಫಿಟ್ಟರ್ ಆಗಿದ್ದು 2019ರಲ್ಲಿ ನಿವೃತ್ತನಾದೆ. ಮನೆ ಕೇಶ್ವಾಪುರದಲ್ಲಿ. ಸಮುದ್ರ ನೋಡಬೇಕೆಂದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಬೇಕಾದ ಊರಿನವರು ನಾವು. ಆದರೂ ನಮ್ಮ ಪಡಸಾಲೆಯಲ್ಲಿ ಸಮುದ್ರದ ನೀರಿನ ಟ್ಯಾಂಕ್ ಇದೆ. ಓಣಿಯಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಮೂರು ಫೂಟು ಉದ್ದ, ಒಂದೂವರೆ ಫೂಟು ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್ ಹಿಡಿಯುತ್ತದೆ. ಸ್ಟ್ಯಾಂಡನ್ನು ನಾನೇ ಆ್ಯಂಗಲ್ ಕಬ್ಬಿಣ ತಂದು ವೆಲ್ಡಿಂಗ್ ಮಾಡಿಕೊಂಡೆ.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರಿನ ನೀರು ಗಡಸು. ಆದ್ದರಿಂದ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂನ ಸಮುದ್ರ ಉಪ್ಪು ಕಲಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ, ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಕೂಡಿದ ಪುಡಿಯೇ ಬೇಕು. ತುಂಬಿದ ಮೇಲೂ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಕಲ್ಲು, ಉಸುಕುಗಳಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನಾನು ಆರು ವಾರ ಬರೀ ನೀರು ನೋಡುತ್ತ ಕುಳಿತೆ. ನಮ್ಮ ಮನೆಯಾಕೆ ದಿನಾ ಕೇಳುವಳು, “ಏನ್ರೀ, ಮೀನ ಇಲ್ಲದ ನೀರಿಗೆ ಲೈಟ್ ಯಾಕ ಹಚ್ಚೀರಿ?” ಎಂದು.

ಆರು ವಾರ ಕಾದವನು ಮೀನು ಕೊಳ್ಳುವಾಗ ಆರು ನಿಮಿಷವೂ ವಿಚಾರ ಮಾಡಲಿಲ್ಲ. ಅಂಗಡಿಯವನು ಎರಡು ದೊಡ್ಡ ಮೀನು ತೋರಿಸಿ, “ಕಾಕಾ, ಗಂಡು ಹೆಣ್ಣು ನೋಡೇ ಕೊಡಾಕತ್ತೀನಿ, ಸೈಜೂ ಸರಿಜೋಡಿ ಐತಿ ನೋಡ್ರಿ” ಎಂದ. ನನಗೂ ಹಾಗೇ ಅನಿಸಿತು. ಎರಡೂ ಆರು ಸೆಂಟಿಮೀಟರ್ ಮೇಲೆ, ಅಳತೆ ಹಿಡಿದು ಮಾಡಿದಂತೆ ಒಂದೇ ಸಮ. ಮನೆಗೆ ತಂದು ಬಿಟ್ಟ ಅರ್ಧ ತಾಸಿನಲ್ಲಿ ಅವು ಬಾಯಿಗೆ ಬಾಯಿ ಕಚ್ಚಿಕೊಂಡು ಗಿರಗಿರ ತಿರುಗತೊಡಗಿದವು. ಮುತ್ತು ಕೊಡುತ್ತಿವೆ ಎಂದು ನೆರೆಮನೆಯ ಹುಡುಗರು ಚಪ್ಪಾಳೆ ತಟ್ಟಿದರು. ಮರುದಿನ ಮುಂಜಾನೆ ನೋಡಿದರೆ ಒಂದರ ಬಾಲ ಹರಿದ ಬಟ್ಟೆಯಂತೆ ಜೋತುಬಿದ್ದಿತ್ತು. ನಾಲ್ಕನೆಯ ದಿನ ಅದು ಮೂಲೆಯಲ್ಲಿ, ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. ಅಲ್ಲಿಂದ ಕೆಳಗಿಳಿದರೆ ಇನ್ನೊಂದು ಬಾಣದಂತೆ ಬರುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ “ಹೊಂದಿಕೊಳ್ತಾವ ಬಿಡ್ರಿ, ಹೊಸದಾಗಿ ಹಂಗ ಇರತದ” ಎಂಬ ಉತ್ತರ. ಆರನೆಯ ಮುಂಜಾನೆ ಅದು ಸತ್ತು ಉಸುಕಿನ ಮೇಲೆ ಬಿದ್ದಿತ್ತು. ಆ ನಾಲ್ಕನೆಯ ದಿನವೇ ಅದನ್ನು ಬೇರೆ ಮಾಡಿದ್ದರೆ ಬದುಕುತ್ತಿತ್ತು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನನ್ನ ಮೊಮ್ಮಗಳು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಆಗ ಇನ್ನೂ ಹೈಸ್ಕೂಲಿನಲ್ಲಿದ್ದಳು, ಆದರೆ ಓದುವ ಚಟ ಆಗಲೇ ಹತ್ತಿತ್ತು. ಆ ರವಿವಾರ ಬಂದವಳು ವಿಷಯ ಕೇಳಿ, “ಅಜ್ಜಾ, ಅವು ಗಂಡು ಹೆಣ್ಣು ಅಲ್ಲ. ಎರಡೂ ಹೆಣ್ಣ ಇರಬೇಕು” ಎಂದಳು. ಆಮೇಲೆ ಅವಳು ಹೇಳಿದ ಸಂಗತಿ ಕೇಳಿ ನಾನು ಬಹಳ ಹೊತ್ತು ಮಾತಾಡಲಿಲ್ಲ.

ಕ್ಲೌನ್ ಮೀನು ಯಾವುದೂ ಹೆಣ್ಣಾಗಿ ಹುಟ್ಟುವುದಿಲ್ಲ. ಮರಿಗಳಲ್ಲಿ ಗಂಡು ಹೆಣ್ಣು ಎಂಬ ಭೇದವೇ ಇಲ್ಲ. ಸಮುದ್ರದಲ್ಲಿ ಒಂದು ಅನಿಮೋನ್, ಅಂದರೆ ಕಲ್ಲಿಗೆ ಅಂಟಿಕೊಂಡು ವಿಷದ ಎಳೆಗಳನ್ನು ಹೂವಿನಂತೆ ಅರಳಿಸಿಕೊಂಡಿರುವ ಆ ಜೀವಿ, ಅದರಲ್ಲಿ ಕೆಲವು ಮೀನುಗಳು ಕೂಡಿ ಇರುತ್ತವೆ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದು ಒಂದೇ. ಅಳತೆಯಲ್ಲಿ ಎರಡನೆಯದು ಗಂಡು, ಅದೂ ಒಂದೇ. ಉಳಿದ ಸಣ್ಣವು ಗಂಡೂ ಆಗದೆ, ಹೆಣ್ಣೂ ಆಗದೆ ಸರದಿ ಕಾಯುತ್ತವೆ. ಅವು ಆ ಜೋಡಿಯ ಮಕ್ಕಳೂ ಅಲ್ಲ, ಎಲ್ಲೋ ಹುಟ್ಟಿ ನೀರಿನ ಸೆಳೆತದಲ್ಲಿ ತೇಲಿಬಂದು ನೆಲೆ ನಿಂತವು. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಬದಲಾಗುತ್ತದೆ, ಸಣ್ಣವುಗಳಲ್ಲಿ ದೊಡ್ಡದು ಗಂಡಾಗುತ್ತದೆ. ಹೆಣ್ಣಾದ ಮೇಲೆ ಮತ್ತೆ ಗಂಡಾಗಲು ಬರುವುದಿಲ್ಲ. ಹಾನ್ಸ್ ಫ್ರಿಕ್ ಮತ್ತು ಸಿಮೋನ್ ಫ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಜಗತ್ತಿಗೆ ಗೊತ್ತಾಗಿ ಇಷ್ಟು ವರ್ಷವಾದ ಮಾತು ಮೀನು ಮಾರುವವರಿಗೂ ಕೊಳ್ಳುವವರಿಗೂ ಮುಟ್ಟಿಲ್ಲ.

ಈಗ ನಿಮ್ಮ ಪುರವಣಿಯ ‘ಒಂದೇ ಅಳತೆಯ ಜೋಡಿ’ ಎಂಬ ಮಾತು ನೋಡಿ. ಬೆಳೆದ ಎರಡು ಮೀನು ಒಂದೇ ಅಳತೆ ಇವೆ ಎಂದರೆ ಎರಡೂ ಹೆಣ್ಣಾಗಿರಬಹುದು, ಇಲ್ಲವೆ ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇನ್ನೂ ತೀರ್ಮಾನ ಆಗಿಲ್ಲ ಎಂದರ್ಥ. ಸಮುದ್ರದಲ್ಲಾದರೆ ಸೋತದ್ದು ಓಡಿಹೋದೀತು. ಮೂರು ಫೂಟಿನ ಗಾಜಿನಲ್ಲಿ ಓಡಿಹೋಗುವುದೆಲ್ಲಿಗೆ? ಜೋಡಿ ಆಗಬೇಕಾದರೆ ಒಂದು ದೊಡ್ಡದು, ಇನ್ನೊಂದು ಕಣ್ಣಿಗೆ ಕಾಣುವಷ್ಟು ಸಣ್ಣದು ಇರಬೇಕು. ಇಲ್ಲವೆ ಎರಡೂ ತೀರ ಎಳೆಯ ಮರಿಗಳಾಗಿರಬೇಕು, ಅವು ತಮ್ಮತಮ್ಮಲ್ಲೇ ದೊಡ್ಡದು ಸಣ್ಣದು ಎಂದು ನಿಶ್ಚಯಿಸಿಕೊಳ್ಳುತ್ತವೆ. ಗಂಡು ಹೆಣ್ಣು ನಾವು ಆರಿಸಿ ತರುವುದಲ್ಲ. ಅದನ್ನು ಅವೇ ಮಾಡಿಕೊಳ್ಳುತ್ತವೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

2022ರ ಜನವರಿಯಲ್ಲಿ, ಮನೆಯಲ್ಲೇ ಮರಿ ಮಾಡಿಸುವ ಹವ್ಯಾಸಿಯೊಬ್ಬರಿಂದ ಒಂದು ಸಣ್ಣ ಮರಿ ತಂದೆ. ಮೂರು ಸೆಂಟಿಮೀಟರ್, ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಈ ಸಲ ಒಮ್ಮೆಲೇ ಬಿಡಲಿಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಸುತ್ತಲೂ ತೂತು ಕೊರೆದು, ಅದರಲ್ಲಿ ಮರಿಯನ್ನಿಟ್ಟು, ಟ್ಯಾಂಕಿನೊಳಗೇ ತೂಗುಹಾಕಿದೆ. ದೊಡ್ಡದು ಮೊದಲೆರಡು ದಿನ ಡಬ್ಬಿಗೆ ಡಿಕ್ಕಿ ಹೊಡೆಯಿತು, ಐದನೆಯ ದಿನಕ್ಕೆ ಬರೀ ಸುತ್ತು ಹಾಕತೊಡಗಿತು. ಆರನೆಯ ದಿನ ಸಂಜೆ ದೀಪ ಸಣ್ಣದು ಮಾಡಿ ಮರಿಯನ್ನು ಹೊರಬಿಟ್ಟೆ.

ದೊಡ್ಡದು ನೇರವಾಗಿ ಬಂತು. ಮರಿ ಓಡಲಿಲ್ಲ. ಅಲ್ಲೇ ಒಂದು ಮಗ್ಗುಲಿಗೆ ವಾಲಿ, ಹೊಟ್ಟೆಯನ್ನು ದೊಡ್ಡದರ ಕಡೆ ಮಾಡಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗಿತು. ಎರಡು ಸೆಕೆಂಡು, ಮೂರು ಸೆಕೆಂಡು. ಕರೆಂಟ್ ಹೊಡೆದವರ ಮೈ ಅದುರಿದ ಹಾಗೆ. ನಾನು ಫಿಟ್ಸ್ ಬಂತೆಂದು ಜಾಳಿಗೆಗೆ ಕೈ ಹಾಕಿ ಮೊಮ್ಮಗಳಿಗೆ ಫೋನ್ ಮಾಡಿದೆ. “ಅಜ್ಜಾ, ತೆಗೀಬ್ಯಾಡ! ಅದು ‘ನೀನ ದೊಡ್ಡಾಕಿ, ನಾ ಜಗಳಾ ಆಡಂಗಿಲ್ಲ’ ಅಂತ ಹೇಳಾಕತ್ತದ” ಎಂದಳು. ಜಾಳಿಗೆ ಕೆಳಗಿಟ್ಟು ನೋಡಿದೆ. ದೊಡ್ಡದು ಮರಿಯ ಪಕ್ಕೆಗೆ ಬಾಯಿ ತಾಗಿಸಿತು, ಕಚ್ಚಲಿಲ್ಲ, ತಿರುಗಿ ಹೋಯಿತು. ಅಂದು ರಾತ್ರಿಯೊಳಗೆ ಆ ನಡುಕವನ್ನು ಹದಿನೇಳು ಸಲ ಎಣಿಸಿದೆ. ಎರಡು ಬೆಳೆದ ಹೆಣ್ಣುಗಳ ನಡುವೆ ಈ ನಡುಕವೇ ಇರಲಿಲ್ಲ. ಮಣಿಯುವವರು ಯಾರೂ ಇರಲಿಲ್ಲ, ಅದಕ್ಕೇ ಒಂದು ಸತ್ತಿತು.

ಮನೆಯಲ್ಲಿ ಅಂದಿನಿಂದ ಅವುಗಳ ಹೆಸರು ‘ದೊಡ್ಡಾಕಿ’ ಮತ್ತು ‘ಸಣ್ಣಾಂವ’.

ಟ್ಯಾಂಕಿನ ಗಾಜಿಗೆ ಹೊರಗಿನಿಂದ ನನ್ನ ಹಳೆಯ ಸ್ಟೀಲ್ ಪಟ್ಟಿ ಅಂಟಿಸಿದ್ದೇನೆ. ಆಹಾರ ಹಾಕುವಾಗ ಮೀನು ಗಾಜಿಗೆ ಒತ್ತಿಬರುತ್ತದೆ, ಆಗಲೇ ಎದುರಿನಿಂದ ನೇರವಾಗಿ ನೋಡಬೇಕು, ಓರೆ ನೋಡಿದರೆ ಅಳತೆ ತಪ್ಪುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖು ಅಳತೆ ಬರೆದಿಡುತ್ತೇನೆ. ಡೈರಿಯಲ್ಲಿ ಎರಡು ಕಾಲಂ, ಒಂದರ ಮೇಲೆ ‘ಆಕಿ’, ಇನ್ನೊಂದರ ಮೇಲೆ ‘ಆಂವ’. ಜನವರಿಯಲ್ಲಿ ಆಕೆ 62 ಮಿಲಿಮೀಟರ್, ಅವನು 31. ವರ್ಷ ತುಂಬಿದಾಗ ಆಕೆ 74, ಅವನು 55. ಸಣ್ಣದು ಬೇಗ ಬೆಳೆದು ಹತ್ತಿರ ಬರುತ್ತದೆ, ಆದರೆ ಸರಿಸಮ ಆಗುವುದಿಲ್ಲ, ಒಂದು ಅಂತರಕ್ಕೆ ಬಂದು ನಿಂತುಬಿಡುತ್ತದೆ. ಆಹಾರ ಸಿಗದೆ ಹೀಗಾಗುತ್ತದೆ ಎಂದುಕೊಂಡು ಅವನಿಗೆ ಬೇರೆಯಾಗಿ ಹೆಚ್ಚು ಹಾಕಿ ನೋಡಿದೆ. ಅಂತರ ಕಡಿಮೆ ಆಗಲಿಲ್ಲ. ಪೀಟರ್ ಬಸ್ಟನ್ ಎಂಬ ವಿಜ್ಞಾನಿ ಪಪುವಾ ನ್ಯೂಗಿನಿಯ ಸಮುದ್ರದಲ್ಲಿ ಈ ಜಾತಿಯ ಮೀನುಗಳನ್ನು ಅಳೆದು ಇದೇ ಮಾತನ್ನು 2003ರಲ್ಲಿ ಹೇಳಿದ್ದಾರಂತೆ. ಸಾಲಿನಲ್ಲಿ ಕೆಳಗಿರುವ ಮೀನು ತನ್ನ ಮೇಲಿನದರ ಅಳತೆಗೆ ತಕ್ಕಂತೆ ತನ್ನ ಬೆಳವಣಿಗೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮೀರಿ ಬೆಳೆದರೆ ಹೊರಗೆ ಹಾಕಿಸಿಕೊಳ್ಳಬೇಕಾಗುತ್ತದೆ. ಜೀವಮಾನವಿಡೀ ಕಬ್ಬಿಣ ಅಳೆದವನು ನಾನು. ಪಕ್ಕದವರ ಅಳತೆ ನೋಡಿ ತನ್ನ ಅಳತೆ ನಿಲ್ಲಿಸಿಕೊಳ್ಳುವ ವಸ್ತುವನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾನು ಅನಿಮೋನ್ ಇಟ್ಟಿಲ್ಲ. ಅದಕ್ಕೆ ಬಹಳ ಪ್ರಖರ ಬೆಳಕು, ಹಳೆಯದಾಗಿ ಸ್ಥಿರವಾದ ನೀರು ಬೇಕು. ಮನೆಯಲ್ಲಿ ಕ್ಲೌನ್ ಮೀನು ಅದಿಲ್ಲದೆಯೂ ಸುಖವಾಗಿರುತ್ತದೆ. ಬದಲಿಗೆ ದುರ್ಗದ ಬೈಲಿನ ಸಂತೆಯಿಂದ ಒಂದು ಮಣ್ಣಿನ ಕುಡಿಕೆ ತಂದು, ಹದಿನೈದು ದಿನ ನೀರು ಬದಲಿಸುತ್ತ ನೆನೆಹಾಕಿ, ಮಗ್ಗುಲಾಗಿ ಇಟ್ಟೆ. ಅದೇ ಅವುಗಳ ಮನೆಯಾಯಿತು. ಮೊದಮೊದಲು ಆಕೆ ಕುಡಿಕೆಯ ಒಳಗೆ, ಅವನು ಹೊರಗೆ ಪಂಪಿನ ಹಿಂದೆ ಮಲಗುತ್ತಿದ್ದರು. ಮಾರ್ಚ್ ತಿಂಗಳ ಒಂದು ರಾತ್ರಿ ನೀರು ಕುಡಿಯಲು ಎದ್ದವನು ಟಾರ್ಚ್‌ಗೆ ಕೆಂಪು ಕಾಗದ ಹಿಡಿದು ನೋಡಿದೆ. ಎರಡೂ ಕುಡಿಕೆಯೊಳಗೆ ಪಕ್ಕೆಗೆ ಪಕ್ಕೆ ಹಚ್ಚಿ ಮಲಗಿದ್ದವು. ನಿದ್ದೆಯಲ್ಲೂ ರೆಕ್ಕೆ ಮೆಲ್ಲಗೆ ಆಡುತ್ತಿದ್ದವು. ಮನೆಯಾಕೆಯನ್ನು ಎಬ್ಬಿಸಿ ತೋರಿಸಿದೆ. ಜೋಡಿಯಾಯಿತು ಎಂದು ನಾನು ತಿಳಿಯುವುದು ಇದರಿಂದಲೇ. ಹಗಲಿನಲ್ಲಿ ಜೊತೆಗೆ ಈಜುವುದು ದೊಡ್ಡ ಮಾತಲ್ಲ, ಅಂಗಡಿಯ ಟ್ಯಾಂಕಿನಲ್ಲಿ ಇಪ್ಪತ್ತು ಮೀನು ಜೊತೆಗೇ ಈಜುತ್ತಿರುತ್ತವೆ.

ಇನ್ನೊಂದು ಸಂಗತಿಯನ್ನು ಮನೆಗೆ ಬಂದವರಿಗೆ ಹೇಳಿದರೆ ನಂಬುವುದಿಲ್ಲ. ಕ್ಲೌನ್ ಮೀನು ಸಪ್ಪಳ ಮಾಡುತ್ತದೆ. ಪಂಪ್ ಒಂದು ನಿಮಿಷ ನಿಲ್ಲಿಸಿ ಗಾಜಿಗೆ ಕಿವಿ ಹಚ್ಚಿದರೆ, ಆಕೆ ಅವನನ್ನು ಗದರಿಸುವಾಗ ಟಕ್ ಟಕ್ ಎಂದು ಕೇಳುತ್ತದೆ. ದವಡೆಯನ್ನು ಜೋರಾಗಿ ಮುಚ್ಚಿದಾಗ ಹಲ್ಲಿಗೆ ಹಲ್ಲು ಬಡಿದು ಹುಟ್ಟುವ ಸದ್ದು ಅದು ಎಂದು 2007ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

2023ರ ಮಾರ್ಚ್ ಎರಡನೆಯ ವಾರ ಎರಡೂ ಸೇರಿ ಕುಡಿಕೆಯ ಒಳಗೋಡೆಯನ್ನು ಬಾಯಿಂದ ಕೆರೆದು ಸ್ವಚ್ಛ ಮಾಡತೊಡಗಿದವು. ಆಕೆಯ ಹೊಟ್ಟೆ ದುಂಡಗಾಗಿತ್ತು. ಮೂರು ದಿನ ಇದೇ ಕೆಲಸ. ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಆಕೆ ಹೊಟ್ಟೆಯನ್ನು ಗೋಡೆಗೆ ಒತ್ತಿ ನಿಧಾನ ಸರಿದಳು. ಹಿಂದೆ ಕಿತ್ತಳೆ ಬಣ್ಣದ ಒಂದು ಸಾಲು. ಅವನು ಅದೇ ಸಾಲಿನ ಮೇಲೆ ಹೊಟ್ಟೆ ತಾಗಿಸುತ್ತ ಹಿಂದೆಯೇ ಹೋದ. ಮತ್ತೆ ಆಕೆ, ಮತ್ತೆ ಅವನು. ಒಂದೂವರೆ ತಾಸು ಹೀಗೇ ನಡೆಯಿತು. ಕೊನೆಗೆ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ, ಮಖಮಲ್ಲಿನಂಥ ಕಿತ್ತಳೆ ತುಂಡು ಕುಡಿಕೆಗೆ ಅಂಟಿಸಿದಂತೆ ಕಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದೂ ಎರಡು ಮಿಲಿಮೀಟರಿನ ಉದ್ದನೆಯ ಮೊಟ್ಟೆ, ಒಂದು ತುದಿ ಮಣ್ಣಿಗೆ ಅಂಟಿ, ಇನ್ನೊಂದು ತುದಿ ನೀರಿನಲ್ಲಿ ತೂಗುತ್ತಿತ್ತು.

ಮುಂದಿನ ಎಂಟು ದಿನ ಮೊಟ್ಟೆ ಕಾದವನು ಅವನು. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುವುದು, ಬಾಯಿಂದ ಒಂದೊಂದನ್ನೂ ಮುಟ್ಟಿ ನೋಡುವುದು, ಕೆಟ್ಟು ಬೆಳ್ಳಗಾದುದನ್ನು ಕಿತ್ತು ತೆಗೆಯುವುದು. ಊಟಕ್ಕೆ ಬಂದರೂ ಎರಡು ತುತ್ತು ತಿಂದು ಓಡುವನು. ಆಕೆ ಹೊರಗೆ ಕಾವಲು. ನನ್ನ ಕೈ ನೀರಿಗಿಳಿದರೆ ಕಚ್ಚುತ್ತಿದ್ದಳು, ಇಷ್ಟು ಸಣ್ಣ ಬಾಯಿಯಾದರೂ ಚುರುಕ್ಕೆನ್ನುತ್ತಿತ್ತು. ನಾಲ್ಕನೆಯ ದಿನ ಮೊಟ್ಟೆ ಕಂದಾಗಿ, ಆರನೆಯ ದಿನ ಒಳಗೆ ಬೆಳ್ಳಿಯಂಥ ಕಣ್ಣುಗಳು ಕಂಡವು. ಎಂಟನೆಯ ರಾತ್ರಿ, ದೀಪ ಆರಿಸಿದ ಒಂದು ತಾಸಿಗೆ ಮರಿ ಹೊರಬಂದವು. ಮೊದಲ ಸಲದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಅವಕ್ಕೆ ಮೊದಲ ದಿನವೇ ರೋಟಿಫರ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಆಹಾರವಾಗಿ ಬೇಕು, ನನ್ನ ಬಳಿ ಇರಲಿಲ್ಲ. ಅದನ್ನು ಬೆಳೆಸಲು ಕಲಿತು, ಐದನೆಯ ಸಲಕ್ಕೆ ಹನ್ನೊಂದು ಮರಿ ದೊಡ್ಡವಾದವು. ಆ ಕಥೆ ಬೇರೆ, ಇಲ್ಲಿ ಬೇಡ.

2024ರ ಮೇ ತಿಂಗಳಲ್ಲಿ ಗದಗಿನಲ್ಲಿ ಬೀಗರ ಮನೆಯ ಲಗ್ನಕ್ಕೆ ಹೋಗಿ ಒಂದು ರಾತ್ರಿ ಉಳಿದೆವು. ಅಂದು ಹುಬ್ಬಳ್ಳಿಯಲ್ಲಿ ಗಾಳಿ ಮಳೆ, ಗಿಡ ಬಿದ್ದು ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬ್ಯಾಟರಿಯ ಗಾಳಿ ಪಂಪ್ ಆರು ತಾಸು ನಡೆದು ನಿಂತಿತ್ತು. ಮೈ ದೊಡ್ಡದಾದಷ್ಟೂ ಉಸಿರಿಗೆ ಹೆಚ್ಚು ಬೇಕು. ಮರಳಿ ಬಂದು ನೋಡಿದರೆ ದೊಡ್ಡಾಕಿ ಸತ್ತಿದ್ದಳು. ಅವನು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಮುಚ್ಚುತ್ತ ಬದುಕಿದ್ದ.

ಮೂರು ದಿನ ಅವನು ಏನೂ ತಿನ್ನಲಿಲ್ಲ. ಕುಡಿಕೆ ಬಿಟ್ಟು ಹೊರಗೆ ಬರಲಿಲ್ಲ. ಅದಕ್ಕೆ ದುಃಖ ಎಂದು ಹೆಸರಿಡಬಹುದೋ ಇಲ್ಲವೋ, ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ದಿನ ತಿಂದ. ಮನೆಯಾಕೆ, “ಒಂಟಿ ಬಿಡಬ್ಯಾಡ್ರಿ, ಜೊತಿಗೆ ಒಂದು ತರ್ರಿ” ಎಂದಳು. ಹಿಂದಿನ ಹನ್ನೊಂದು ಅವನದೇ ಮಕ್ಕಳು, ಅವುಗಳಲ್ಲಿ ಒಂದು ಬೇಡ, ಬೇರೆ ಕಡೆಯದು ಇರಲಿ ಎಂದು ಜೂನ್‌ನಲ್ಲಿ ಮೂರೂಮುಕ್ಕಾಲು ಸೆಂಟಿಮೀಟರಿನ ಹೊಸ ಮರಿ ತಂದೆ. ಮತ್ತೆ ತೂತಿನ ಡಬ್ಬಿ, ಮತ್ತೆ ಐದಾರು ದಿನ. ಸಂಜೆ ಬಿಟ್ಟಾಗ ಹೊಸ ಮರಿ ಮಗ್ಗುಲಿಗೆ ವಾಲಿ ನಡುಗಿತು. ಎರಡೂವರೆ ವರ್ಷದ ಹಿಂದೆ ಅದೇ ಜಾಗದಲ್ಲಿ ಹಾಗೆಯೇ ನಡುಗಿದವನು ಈಗ ಎದುರು ನಿಂತು ಆ ನಡುಕವನ್ನು ನೋಡಿದ. ಪಕ್ಕೆಗೆ ಬಾಯಿ ತಾಗಿಸಿದ, ತಿರುಗಿ ಹೋದ. ಆಕೆ ಮಾಡಿದ್ದ ಹಾಗೆಯೇ.

ಆಮೇಲೆ ಅವನ ಅಳತೆ ಏರತೊಡಗಿತು. ಒಂದು ವರ್ಷದಿಂದ 61ರಲ್ಲಿ ನಿಂತಿದ್ದವನು ಅಕ್ಟೋಬರಿಗೆ 66, ಮರುವರ್ಷ ಏಪ್ರಿಲಿಗೆ 73. ಟಕ್ ಟಕ್ ಸಪ್ಪಳ ಈಗ ಅವನದಾಗಿತ್ತು. ನನಗೆ ತೊಡಕಾದದ್ದು ಡೈರಿಯಲ್ಲಿ. ಅವನ ಅಳತೆಯನ್ನು ‘ಆಂವ’ ಕಾಲಂನಿಂದ ‘ಆಕಿ’ ಕಾಲಂಗೆ ಯಾವ ತಿಂಗಳು ಸರಿಸುವುದು? ಗಂಡಿನ ಶರೀರದಲ್ಲೇ ಅಂಡಾಶಯದ ಅಂಶ ಮಲಗಿರುತ್ತದೆ, ಮೇಲಿನ ಹೆಣ್ಣು ಇಲ್ಲವಾದಾಗ ಅದು ಎಚ್ಚತ್ತು ಬೆಳೆಯುತ್ತದೆ, ಗಂಡಿನ ಅಂಶ ಕರಗುತ್ತದೆ ಎಂದು ಮೊಮ್ಮಗಳು ವಿವರಿಸಿದಳು. ಒಳಗೆ ನಡೆಯುವ ಆ ಕೆಲಸಕ್ಕೆ ಹೊರಗಿನಿಂದ ಪಟ್ಟಿ ಹಿಡಿದರೆ ತಾರೀಖು ಸಿಗುವುದಿಲ್ಲ. ಹನ್ನೆರಡು ತಿಂಗಳು ಆ ಅಳತೆಗಳನ್ನು ಎರಡು ಕಾಲಂಗಳ ನಡುವಿನ ಗೆರೆಯ ಮೇಲೆಯೇ ಬರೆದೆ. 2025ರ ಜೂನ್‌ನಲ್ಲಿ ಕುಡಿಕೆಯ ಗೋಡೆಯ ಮೇಲೆ ಕಿತ್ತಳೆ ಸಾಲು ಬಿತ್ತು. ಮುಂದೆ ನಡೆದು ಮೊಟ್ಟೆ ಇಟ್ಟದ್ದು ನಮ್ಮ ಸಣ್ಣಾಂವ, ಹಿಂದೆ ಬಂದದ್ದು ಹೊಸದು. ಅಂದು ಸಂಜೆ ದೀಪ ಹಚ್ಚಿದ ಮನೆಯಾಕೆ ಟ್ಯಾಂಕಿನ ಮುಂದೆ ನಿಂತು, “ಈಗ ಈಕೀನ ದೊಡ್ಡಾಕಿ” ಎಂದಳು. ನಾನು ಒಳಗೆ ಹೋಗಿ ಕಾಲಂ ಬದಲಿಸಿದೆ.

ಆದ್ದರಿಂದ ‘ಆಯುಷ್ಯಪೂರ್ತಿ ಒಂದೇ ಸಂಗಾತಿ’ ಎಂಬ ಮಾತೂ ಪೂರ್ತಿ ನಿಜವಲ್ಲ. ಇಬ್ಬರೂ ಇರುವತನಕ ಆ ಜೋಡಿ ಗಟ್ಟಿ, ಅದು ಖರೆ. ಒಂದು ಹೋದರೆ ಇನ್ನೊಂದು ಬೇರೆ ಸಂಗಾತಿ ಮಾಡಿಕೊಳ್ಳುತ್ತದೆ, ಬೇಕಾದರೆ ಅದಕ್ಕಾಗಿ ಗಂಡು ತಾನೇ ಹೆಣ್ಣಾಗುತ್ತದೆ. ನಮ್ಮ ದಾಂಪತ್ಯದ ಮಾತನ್ನು ಅದರ ಮೇಲೆ ಹೊರಿಸಿ ಮಾರುವುದು ಬೇಡ, ಅದರ ಬದುಕು ಅದಕ್ಕಿದೆ.

ಬಟ್ಟಲಿನ ವಿಷಯ. ಹತ್ತು ಲೀಟರ್ ನೀರಿನಲ್ಲಿ ಅಮೋನಿಯಾ ಒಂದೆರಡು ದಿನದಲ್ಲೇ ವಿಷದ ಮಟ್ಟಕ್ಕೆ ಏರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ, ಹೀಗಾಗಿ ನೀರು ದಿನದಿನಕ್ಕೆ ಉಪ್ಪಾಗುತ್ತ ಹೋಗುತ್ತದೆ. ನನ್ನ 190 ಲೀಟರಿಗೇ ದಿನಾ ಬರೀ ಆರ್‌ಓ ನೀರು ಹಾಕಿ ಮಟ್ಟ ಸರಿಮಾಡುತ್ತೇನೆ, ಬೇಸಿಗೆಯಲ್ಲಿ ಮೇಲೊಂದು ಫ್ಯಾನ್ ಇಡುತ್ತೇನೆ. ಹೋದ ತಿಂಗಳು ಒಂದು ಮಂಗಲ ಕಾರ್ಯಾಲಯದಲ್ಲಿ ಆಯೇರಿಯ ಮೇಜಿನ ಮೇಲೆ ಇಂಥ ಬಟ್ಟಲು ನೋಡಿದೆ. ಪಕ್ಕದಲ್ಲೇ ಸ್ಪೀಕರ್, ಬಡಿತಕ್ಕೆ ನೀರು ನಡುಗುತ್ತಿತ್ತು. ಎರಡು ಮೀನೂ ತಳಕ್ಕಿಳಿದು ಗಾಜಿಗೆ ಮೂತಿ ಹಚ್ಚಿ ನಿಂತಿದ್ದವು. ಮದುಮಗಳ ತಂದೆಗೆ ಕೈಮುಗಿದು ಕೇಳಿ ಅವನ್ನು ಮನೆಗೆ ತಂದೆ. ಒಂದೇ ಉಳಿಯಿತು. ಸಮುದ್ರದಲ್ಲಿ ಈ ಜಾತಿಯ ಹೆಣ್ಣು 30 ವರ್ಷದವರೆಗೆ ಬದುಕಬಹುದೆಂದು ವಿಜ್ಞಾನಿಗಳ ಅಂದಾಜು ಇದೆ. ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕಿದ್ದುಂಟು. ಮದುಮಕ್ಕಳಿಗೆ ಹುಟ್ಟುವ ಮಗು ಕಾಲೇಜಿಗೆ ಹೋಗುವತನಕ ಇರಬೇಕಾದ ಜೀವಕ್ಕೆ ಮೂರು ದಿನ ಆಯುಷ್ಯ ಕೊಡುವುದು ಯಾವ ಶುಭ?

ಇನ್ನೊಂದು ಮಾತು, ಮೀನು ಎಲ್ಲಿಂದ ಬಂತು ಎಂಬುದು. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳಲ್ಲಿ ಕ್ಲೌನ್ ಮೀನುಗಳಿವೆ. ಅನಿಮೋನ್‌ಗೆ ಬಾಯಿ ಹಾಕುವ ಚಿಟ್ಟೆ ಮೀನುಗಳನ್ನು ಅವೇ ಅಟ್ಟುತ್ತವೆ, ಅವನ್ನು ಹಿಡಿದು ಖಾಲಿ ಮಾಡಿದರೆ ಅನಿಮೋನ್ ಕಾಯುವವರಿಲ್ಲ. ಹಿಡಿಯುವ ಅಗತ್ಯವೂ ಈಗ ಇಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಮಂಡಪಂನಲ್ಲಿ ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಹೀಗೆ ಹುಟ್ಟಿ ಬೆಳೆದ ಮರಿ, ನಾವು ಕೊಂಡು ತಂದ ಮೊದಲ ದಿನದಿಂದಲೇ ಹಾಕಿದ ಆಹಾರವನ್ನು ತಿನ್ನುತ್ತದೆ, ರೋಗವೂ ಕಡಿಮೆ. ಟ್ಯಾಂಕಿಗೆ ಶೋಭೆಗೆಂದು ಹವಳ ಕೊಳ್ಳುವವರಿಗೂ ಒಂದು ಮಾತು: ಹವಳ, ಸಮುದ್ರ ಕುದುರೆ ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮಣ್ಣಿನ ಕುಡಿಕೆ ಸಾಕು.

ನನ್ನ ಬೇಡಿಕೆ ದೊಡ್ಡದಲ್ಲ. ಬರುವ ರವಿವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಹುಬ್ಬಳ್ಳಿ ಧಾರವಾಡದ ಮೀನಿನ ಅಂಗಡಿಯವರು, ಅವರಲ್ಲಿ ನನ್ನ ಗೆಳೆಯರೂ ಇದ್ದಾರೆ, ಗಾಜಿನ ಮೇಲೆ ‘ಮನೆ ಮರಿ’ ಅಥವಾ ‘ಸಮುದ್ರದ್ದು’ ಎಂದು ಬರೆದಿಡಲಿ. ದೊಡ್ಡದರ ಜೊತೆ ಸಣ್ಣದನ್ನೇ ಕೊಡಲಿ, ಕೂಡಿ ಮಲಗುವ ಜೋಡಿಯನ್ನು ಬೇರೆ ಮಾಡಿ ಮಾರದಿರಲಿ, ಜಗಳವಾದರೆ ಒಂದನ್ನು ವಾಪಸ್ ತೆಗೆದುಕೊಳ್ಳಲಿ. ಬೇಡವಾದ ಮೀನನ್ನು ಉಣಕಲ್ ಕೆರೆಗೆ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರೂ ಇದ್ದಾರೆ, ಸಿಹಿನೀರಿನಲ್ಲಿ ಸಮುದ್ರದ ಮೀನು ಬದುಕುವುದಿಲ್ಲ. ನಮ್ಮದೇ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಅಲ್ಲಿನ ಪ್ರಾಧ್ಯಾಪಕರು ವರ್ಷಕ್ಕೊಮ್ಮೆ, ಲಗ್ನದ ಹಂಗಾಮಿಗೆ ಮೊದಲು, ಧಾರವಾಡಕ್ಕೆ ಬಂದು ಅಂಗಡಿಯವರಿಗೂ ನಮ್ಮಂಥ ಹವ್ಯಾಸಿಗಳಿಗೂ ಒಂದು ದಿನ ಕನ್ನಡದಲ್ಲಿ ಹೇಳಿಕೊಟ್ಟರೆ ಎಷ್ಟೋ ಮೀನು ಉಳಿಯುತ್ತವೆ. ಕುರ್ಚಿ, ಚಹಾದ ಏರ್ಪಾಡು ನಾನೇ ಮಾಡುತ್ತೇನೆ, ನಿಮ್ಮ ಪತ್ರಿಕೆಯ ಮೂಲಕ ಅವರಿಗೆ ಈ ಮಾತು ಮುಟ್ಟಲಿ.

ಆ ಲಗ್ನದಿಂದ ತಂದು ಉಳಿದ ಮೀನು ಬೇರೆ ಟ್ಯಾಂಕಿನಲ್ಲಿದೆ, ಈಗ 48 ಮಿಲಿಮೀಟರ್. ಅದಕ್ಕಿಂತ ಸಣ್ಣ ಮರಿಯೊಂದನ್ನು ಹುಡುಕುತ್ತಿದ್ದೇನೆ. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ಕುಡಿಕೆಯಲ್ಲಿ ಹೊಸ ಮೊಟ್ಟೆಗಳಿಗೆ ಇವತ್ತು ಏಳನೆಯ ದಿನ, ಕಣ್ಣು ಬೆಳ್ಳಗೆ ಹೊಳೆಯುತ್ತಿವೆ. ನಾಳೆ ರಾತ್ರಿಯೊಳಗೆ ರೋಟಿಫರ್ ಬಕೆಟ್ಟು ಸಿದ್ಧ ಮಾಡಿಕೊಳ್ಳಬೇಕು.

ಇಂತಿ ನಿಮ್ಮ ನಿತ್ಯದ ಓದುಗ,
ನಿವೃತ್ತ ರೈಲ್ವೆ ಫಿಟ್ಟರ್,
ಕೇಶ್ವಾಪುರ, ಹುಬ್ಬಳ್ಳಿ